ಗೋಲಿನ ಹಿಂದೆ ನಿಂತ ದನಿ

ನನ್ನ ಗಂಟಲಲ್ಲಿ ಬಹಳ ಮಂದಿ ಬಾಡಿಗೆಗಿದ್ದಾರೆ. ಶಿರಹಟ್ಟಿ ಬಸ್ಸಿನ ಕಂಡಕ್ಟರು, ನಮ್ಮ ವಾರ್ಡಿನ ಮೆಂಬರು, ಗೊರಕೆ ಹೊಡೆಯುವ ನಮ್ಮಪ್ಪ, ಎಲ್ಲರೂ ಕರೆದ ಕೂಡಲೇ ಹೊರಗೆ ಬರುತ್ತಾರೆ. ನನ್ನ ಸ್ವಂತ ದನಿ ಮಾತ್ರ ಕೈಲಾಗದ ಮನೆಮಾಲೀಕನ ಹಾಗೆ ಹಿಂದಿನ ಕೋಣೆಯಲ್ಲಿ ಬಿದ್ದಿರುತ್ತದೆ. ಸಣ್ಣದು, ಮೂಗಿನದು. ಬಾಡಿಗೆದಾರರಲ್ಲಿ ಎಲ್ಲರಿಗಿಂತ ಹಳಬರು ನಮ್ಮ ಓಣಿಯ ಗೋಲ್‌ಕೀಪರ್ ಕಾಕಾ.

ಕಾಕಾ ಬೆಟಗೇರಿಯ ನೇಕಾರರು. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ಮೈದಾನದ ಆ ತುದಿಗೂ ಮುಟ್ಟುವಂತೆ ಪಳಗಿತ್ತು. ಗೋಲಿನಲ್ಲಿ ನಿಂತು ಅವರು ಒದರುತ್ತಿದ್ದುದು ಎರಡೇ ಮಾತು. ‘ಬಿಡ್ಲೇ, ನಂದು’ ಎಂದರೆ ಚೆಂಡು ತಾವೇ ಹಿಡಿಯುತ್ತಾರೆ, ಡಿಫೆಂಡರುಗಳು ಸರಿಯಬೇಕು. ‘ಒದೀಲೇ’ ಎಂದರೆ ತಾವು ಬರುವುದಿಲ್ಲ, ಅವರೇ ದೂರ ಕಳಿಸಬೇಕು. ಈ ಭಾಗದಲ್ಲಿ ಫುಟ್‌ಬಾಲ್ ಆಡಿದವರೆಲ್ಲ ಆ ಎರಡು ಮಾತು ಕೇಳಿಯೇ ಬೆಳೆದವರು.

ಹೋದ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಬಾಯಿ ತೆರೆದರೆ ಪಂಕ್ಚರ್ ಆದ ಟ್ಯೂಬಿನಿಂದ ಗಾಳಿ ಹೋದಂಥ ಸದ್ದು.

ಅವರ ಚಿಕಿತ್ಸೆಗೆ ಸಹಾಯವಾಗಲೆಂದು ಹಳೆಯ ಆಟಗಾರರು ಒಂದು ಪಂದ್ಯ ಗೊತ್ತು ಮಾಡಿದರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹೆಸರಾದವರನ್ನೆಲ್ಲ ಆರಿಸಿ ಒಂದು ದಿನದ ಮಟ್ಟಿಗೆ ಒಂದು ತಂಡ. ಎದುರಿಗೆ ಬೆಟಗೇರಿಯ ಹರೆಯದ ಹುಡುಗರು. ಆರಿಸಿದ ತಂಡ ಮದುವೆಗೆ ಬಂದ ಬೀಗರ ಹಾಗಿತ್ತು: ಎಲ್ಲರದೂ ಹೊಸ ಅಂಗಿ, ಯಾರಿಗೂ ಯಾರ ಸ್ವಭಾವವೂ ಗೊತ್ತಿಲ್ಲ. ಒಬ್ಬ ಬಲಕ್ಕೆ ಪಾಸ್ ಕೊಟ್ಟರೆ ಇನ್ನೊಬ್ಬ ಎಡಕ್ಕೆ ಓಡುತ್ತಿದ್ದ.

ಕೊನೆಯ ಸ್ವಲ್ಪ ಹೊತ್ತು ಆ ತಂಡದ ಗೋಲಿನಲ್ಲಿ ತಾವು ನಿಲ್ಲಬೇಕೆಂಬುದು ಕಾಕಾರ ಆಸೆ. ಒದರದ ಕೀಪರು ಕುರುಡನ ಹಾಗೆ. ಸ್ವಂತ ಡಿಫೆಂಡರುಗಳೇ ಬಂದು ಢಿಕ್ಕಿ ಹೊಡೆಯುತ್ತಾರೆ. ಅದಕ್ಕೆ ಕಾಕಾ ನನ್ನನ್ನು ಹುಡುಕಿದರು. ನಾನು ಗೋಲಿನ ಜಾಳಿಗೆಯ ಹಿಂದೆ ನಿಲ್ಲಬೇಕು. ಅವರು ಎಡಗೈ ಬೆನ್ನ ಹಿಂದೆ ತಂದು ಅಂಗೈ ಬಿಚ್ಚಿದರೆ ‘ನಂದು’, ಮುಷ್ಟಿ ಕಟ್ಟಿದರೆ ‘ಒದೀಲೇ’. ಒದರುವುದು ನಾನು, ಅವರ ದನಿಯಲ್ಲಿ. ರೆಫರಿ ನಕ್ಕು ಒಪ್ಪಿಕೊಂಡರು.

ಓಣಿಯಲ್ಲೇ ತಾಲೀಮು ನಡೆಸಿದೆವು. ಬಣ್ಣ ಹಾಕಿದ ನೂಲು ಓಣಿಯ ಉದ್ದಕ್ಕೂ ಒಣಗುತ್ತಿದ್ದುದರಿಂದ ಚೆಂಡು ಮೇಲೆ ಹಾರಿಸಬಾರದೆಂದು ಕಾಕು, ಅಂದರೆ ಕಾಕಾರ ಹೆಂಡತಿ, ತಾಕೀತು ಮಾಡಿದ್ದರು. ಎಲ್ಲ ಚೆಂಡುಗಳೂ ನೆಲದ ಮೇಲೇ ಉರುಳಿ ಬಂದವು. ನಮ್ಮ ಜೋಡಿ ಒಂದೂ ತಪ್ಪಲಿಲ್ಲ.

ಪಂದ್ಯದ ಹಿಂದಿನ ಸಂಜೆ ಕಾಕು ನನ್ನನ್ನು ಬಾಗಿಲಲ್ಲಿ ತಡೆದರು.

"ಯಾವನರ ಬಂದು ಇವ್ರ ಕೊರಳಿಗೆ ಬಡದ್ರ ಒಳಗಿನ ಹೊಲಿಗಿ ಹರೀತಾವ. ಮತ್ತ ಹೊಲ್ಯಾಕ ಜಾಗಾ ಇಲ್ಲ ಅಂದಾರ ಡಾಕ್ಟರು. ಇದು ಚ್ಯಾಷ್ಟಿ ಅಲ್ಲ, ನೋಡು."

ಮೆಂಬರ ದನಿಯಲ್ಲಿ, ತಾವು ಚಿಂತಿ ಮಾಡಬ್ಯಾಡ್ರಿ, ಎಲ್ಲಾ ಮಂಜೂರಾಗೇತಿ ಎಂದೆ. ಯಾವಾಗಲೂ ನಗುವ ಕಾಕು ಆವತ್ತು ನಗಲಿಲ್ಲ. ನನಗೆ ಹೆದರಿಕೆ ಹತ್ತಿದ್ದು ಅಲ್ಲಿಂದ. ರಾತ್ರಿ ಊಟಕ್ಕೆ ಕೂತರೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಬಾಡಿಗೆದಾರರೆಲ್ಲ ಬಾಗಿಲಿಗೆ ಅಡ್ಡ ನಿಂತಿದ್ದರೇನೋ.

ಮರುದಿನ ಕಾಕಾ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಮೈದಾನಕ್ಕಿಳಿದಾಗ ಗುಡ್ಡದ ಕಡೆಯಿಂದ ಗಾಳಿ ಎದ್ದಿತ್ತು. ಅವರ ಮುಂದೆ ಡಿಫೆಂಡರಾಗಿ ನಿಂತಿದ್ದವರು ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವ ಚಾಚಾ. ಚಿಕ್ಕವರಿದ್ದಾಗ ಕಾಕಾರ ಕೈಯಲ್ಲೇ ಆಟ ಕಲಿತವರು. ಗೋಡೆಯಂಥ ಮನುಷ್ಯ. ತಲೆಗೆ ಚೆಂಡು ಬಂತೆಂದರೆ ಹಾರುತ್ತಾರೆ, ಆಗ ಅವರಿಗೆ ಬೇರೇನೂ ಕಾಣುವುದಿಲ್ಲ. ಎದುರಾಳಿಗಳಿಗಿಂತ ಹೆಚ್ಚಾಗಿ ನಾನು ಹೆದರಿದ್ದು ಅವರಿಗೇ.

ಮೊದಲ ಚೆಂಡು ನೆಲದ ಮೇಲೆ ಬಂತು. ಬೆನ್ನ ಹಿಂದೆ ಅಂಗೈ ಬಿಚ್ಚಿತು. ನಾನು ಒದರಿದೆ. ಚಾಚಾ ಬೆಂಕಿ ತಾಕಿದವರ ಹಾಗೆ ಪಕ್ಕಕ್ಕೆ ಸರಿದರು, ಆಮೇಲೆ ಹೊರಳಿ ಕಾಕಾರ ತುಟಿ ನೋಡಿದರು. ಶಾಮಿಯಾನದಲ್ಲಿ ಕೂತಿದ್ದ ಕಾಕು ಎದ್ದು ನಿಂತದ್ದು ನನಗೆ ಕಂಡಿತು. ವರ್ಷದ ಮೇಲೆ ಆ ದನಿಯನ್ನು ಮೈದಾನದಲ್ಲಿ ಕೇಳಿದ್ದರು.

ಆಮೇಲೆ ಹುಡುಗರಿಗೆ ಕಾರ್ನರ್ ಸಿಕ್ಕಿತು. ಚೆಂಡು ಎತ್ತರಕ್ಕೆ ಹಾರಿ, ಗಾಳಿಗೆ ಸಿಕ್ಕು ಗೋಲಿನ ಕಡೆ ಬಾಗಿತು. ನಾನು ಕಾಕಾರ ಬೆನ್ನು ನೋಡಿದೆ. ಕೈ ಇರಲಿಲ್ಲ. ಎತ್ತರದ ಚೆಂಡಿಗೆ ಕಾಕಾ, ಮುಂದೆ ಬರಲಿ ಬರದಿರಲಿ, ಎರಡೂ ಕೈ ಮೇಲೆತ್ತಿಯೇ ಕಾಯುತ್ತಾರೆ. ನೂಲಿಗೆ ತಾಕೀತೆಂದು ನೆಲದ ಚೆಂಡನ್ನೇ ಆಡಿದ ನಮ್ಮಿಬ್ಬರ ತಲೆಗೂ ಇದು ಹೊಳೆದಿರಲಿಲ್ಲ.

ಹಿಡಿಯುತ್ತಾರೋ ಬಿಡುತ್ತಾರೋ, ಯಾರನ್ನು ಕೇಳಲಿ? ಚಾಚಾ ಹಾರಲು ಮೊಣಕಾಲು ಮಡಿಸಿದ್ದರು. ಕಂಡಕ್ಟರು, ಮೆಂಬರು, ಎಲ್ಲರೂ ಮನೆ ಖಾಲಿ ಮಾಡಿ ಓಡಿದ್ದರು. ಆಗ ಕಾಕಾರ ಬಲ ಹಿಮ್ಮಡಿ ನೆಲ ಬಿಟ್ಟಿತು. ‘ನಂದು’ ಎನ್ನುವ ಮೊದಲು ಅದು ಏಳುತ್ತದೆ. ಅವರ ಅಣಕ ಮಾಡುವಾಗ ನಾನೂ ಹಾಗೇ ಹಿಮ್ಮಡಿ ಎತ್ತುತ್ತಿದ್ದೆ, ಮಂದಿ ನಗಲೆಂದು.

ಒದರಿದೆ. ಬಂದದ್ದು ನನ್ನ ಸ್ವಂತ ದನಿ, ಸಣ್ಣದು, ಮೂಗಿನದು. ಗಾಳಿ ಅದನ್ನು ತಿಂದುಹಾಕಿತು. ಚಾಚಾ ಹಾರಿಯೇಬಿಟ್ಟರು. ನಾನೂ ಹಿಮ್ಮಡಿ ಎತ್ತಿ ಮತ್ತೆ ಒದರಿದೆ.

"ಬಿಡ್ಲೇ, ನಂದು."

ಚಾಚಾ ಗಾಳಿಯಲ್ಲೇ ಮೈ ತಿರುವಿದರು. ಅವರ ಭುಜ ಕಾಕಾರ ಕಿವಿಯನ್ನು ಸವರಿ ಹೋಯಿತು. ಇಬ್ಬರೂ ಬಿದ್ದರು. ಧೂಳು.

ಜಾಳಿಗೆಯ ಕೆಳಗೆ ನುಸುಳಿ ಒಳಗೆ ಹೋದೆ. ಕಾಕಾ ಚೆಂಡನ್ನು ಎದೆಗೆ ಅವಚಿಕೊಂಡು ಅಂಗಾತ ಬಿದ್ದಿದ್ದರು, ಮೈಯೆಲ್ಲ ಅದುರುತ್ತಿತ್ತು. ಉಸಿರು ಸಿಕ್ಕಿಕೊಂಡಿತು, ಹೊಲಿಗೆ ಹರಿಯಿತು ಎಂದುಕೊಂಡೆ. ಕಾಕಾ ನಗುತ್ತಿದ್ದರು. ಸದ್ದಿಲ್ಲದ ನಗು ಹೇಗಿರುತ್ತದೆಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಕಾಕು ಓಡಿ ಬಂದು ಮಫ್ಲರ್ ಬಿಚ್ಚಿದರು, ಕೊರಳು ಮುಟ್ಟಿ ನೋಡಿದರು, ಬಾಯಿ ತೆರೆಸಿ ನೋಡಿದರು. ರಕ್ತ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಮೊದಲ ಒದರಿದಂವ ಯಾರಲೇ?"

"ನಾನ ರೀ ಕಾಕು. ಅದು ನನ್ನ ಖರೇ ದನಿ."

"ಅವನ್ನ ಇನ್ನೊಮ್ಮೆ ಗ್ರೌಂಡಿಗೆ ಕರಕೊಂಡು ಬರಬ್ಯಾಡ."

ಚಾಚಾ ಮೊಣಕೈ ಒರೆಸಿಕೊಳ್ಳುತ್ತ ನಕ್ಕರು. ನನಗೆ ನಗಲು ಆಗಲಿಲ್ಲ. ಕಾಕಾ ಮಫ್ಲರ್ ಬಿಗಿದುಕೊಂಡು ಗೋಲಿನಲ್ಲಿ ನಿಂತರು, ಎಡಗೈ ಬೆನ್ನ ಹಿಂದೆ ಬಂತು. ಆಟ ಇನ್ನೂ ಉಳಿದಿತ್ತು. ನಾನು ಕೈ ನೋಡುವುದು ಬಿಟ್ಟು ಅವರ ಹಿಮ್ಮಡಿಯನ್ನೇ ನೋಡುತ್ತ, ಮತ್ತೆ ಜಾಳಿಗೆಯ ಹಿಂದೆ ಹೋಗಿ ನಿಂತೆ.