ಅಮ್ಮ ತಿರುಗಿಸಿಟ್ಟ ಸೆಲ್ಲು

“ಕಾಯಿಲು ಸುಟ್ಟು ಹೋಗಿದೆ, ಇಟ್ಟು ಹೋಗಿ” ಎಂದ ಗುರುವಾಯನಕೆರೆಯ ಮೆಕ್ಯಾನಿಕ್, ನಮ್ಮ ರೇಡಿಯೋದ ಮುಚ್ಚಳವನ್ನೂ ತೆರೆಯದೆ. ಅಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡು ಸೀದಾ ಎದುರಿನ ಇನ್ನೊಂದು ರೇಡಿಯೋ-ಪಂಪು ರಿಪೇರಿ ಅಂಗಡಿಗೆ ನಡೆದಳು. ಅಲ್ಲಿದ್ದವರು ಮುಚ್ಚಳ ತೆಗೆದು ನೋಡಿ ನಕ್ಕರು: “ರೇಡಿಯೋಕ್ಕೆ ಎಂತ ಸಹ ಆಗ್ಲಿಲ್ಲ ಮಾರಾಯ್ರೆ, ಒಂದು ಸೆಲ್ಲು ಉಲ್ಟಾ ಉಂಟು.”

“ಗೊತ್ತುಂಟು, ಹಾಗೆ ಹಾಕಿದ್ದು ನಾನೇ. ಇನ್ನು ನಮ್ಮ ಮನೆಗೆ ಹೋಗುವ. ಪಂಪು ಕೆಟ್ಟಿದೆ, ಗದ್ದೆ ಒಣಗ್ತಾ ಉಂಟು” ಎಂದಳು ಅಮ್ಮ.

ಪಂಪಿನ ಒಳಗೇನಿದೆಯೆಂದು ಅಮ್ಮನಿಗೂ ಗೊತ್ತಿರಲಿಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಎಂಬತ್ತರ ದಶಕದ ಆ ಬೇಸಿಗೆಯಿಂದ ಈಚೆಗೆ, ಡಾಕ್ಟರಿರಲಿ ಎಂಜಿನಿಯರಿರಲಿ, ಉತ್ತರ ನನಗೆ ಗೊತ್ತಿರುವ ಒಂದು ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ. ಗೊತ್ತಿಲ್ಲದ್ದನ್ನು ಕೇಳುವುದು ಆಮೇಲೆ.