ಡಬ್ಬಿಯಲ್ಲಿ ಮಿನುಗಿದ ಮಿಂಚುಹುಳದ ಮರಿಗಳು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಮಾತು ಕಟ್ಟುವುದೂ ಅಷ್ಟಕ್ಕಷ್ಟೆ. ಓದನ್ನು ಅರ್ಧಕ್ಕೇ ಬಿಟ್ಟವಳು ನಾನು. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡು ನನ್ನ ಸೋದರತ್ತೆಯ ಈ ಕಥೆಯನ್ನು ಓದಬೇಕು.

ಅತ್ತೆ ಸಸಿಗಳ ನರ್ಸರಿಯಲ್ಲಿ ಕೆಲಸಕ್ಕಿದ್ದಳು. ಎಲೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ದೂರದಿಂದಲೇ ಹಿಡಿಯುತ್ತಿದ್ದುದರಿಂದ ಎಲ್ಲರೂ ಅವಳನ್ನು ‘ಎಲೆಕಣ್ಣಿ’ ಎನ್ನುತ್ತಿದ್ದರು. ಆ ವರ್ಷ ಬೇಲಿ ಪಕ್ಕದ ಹೂಸಸಿಗಳ ಮಡಿ ಅವಳ ಪಾಲಿಗೆ ಬಂದಿತ್ತು. ಅಲ್ಲಿ ಬಸವನಹುಳುಗಳ ಕಾಟ. ಸಂಜೆ ನೆಟ್ಟ ಸಸಿ ಬೆಳಗಾದರೆ ಬರೀ ಕಡ್ಡಿ.

“ಈ ಸಲಾನೂ ಮಡಿ ಹಾಳಾದ್ರೆ ನಿನ್ನನ್ನ ಕುಂಡ ತೊಳೆಯೋಕೆ ಹಾಕ್ತೀನಿ, ನೋಡು!” ಎಂದರು ನರ್ಸರಿಯ ಯಜಮಾನಿ.

ಸಸಿ ಎಬ್ಬಿಸುವುದೆಂದರೆ ಅತ್ತೆಗೆ ಉಸಿರಾಟದಷ್ಟೇ ಸಹಜ. ಕುಂಡ ತೊಳೆಯುವ ತೊಟ್ಟಿಯ ಬಳಿ ಒಂದು ಹಸುರೆಲೆಯೂ ಕಾಣದು.

ಮಂಡಿಯೂರಿ ತರಗೆಲೆ ಒಂದೊಂದನ್ನೇ ಎತ್ತಿ ನೋಡಿದಳು. ಕಪ್ಪಗೆ, ಚಪ್ಪಟೆಯಾಗಿ, ಸಣ್ಣ ಸಣ್ಣ ಹಲಗೆ ಜೋಡಿಸಿದಂಥ ಮೈಯ ಹುಳುಗಳು ಸಿಕ್ಕವು. ಬಸವನಹುಳುಗಳ ಜೊತೆ ಇವೂ ಸಸಿ ತಿನ್ನುವ ಕಳ್ಳರೇ ಎಂದುಕೊಂಡು ದಿನವೂ ಡಬ್ಬಿಗೆ ಹಾಕಿ, ಸೋಪಿನ ನೀರಿಗೆ ಸುರಿದಳು. ಆದರೆ ಬಸವನಹುಳುಗಳು ಕಡಿಮೆಯಾಗುವುದಿರಲಿ, ಇನ್ನೂ ಹೆಚ್ಚಾದವು.

ಒಂದು ಸಂಜೆ ದಣಿದು, ಡಬ್ಬಿಯನ್ನು ಹಾಗೇ ಅಡುಗೆಮನೆಯ ಕಿಟಕಿಯಲ್ಲಿಟ್ಟು ಗೋಡೆಗೊರಗಿದಳು. ಕತ್ತಲಾಗುತ್ತಿತ್ತು.

“ಏನೇ ಇದು, ಡಬ್ಬಿಯಲ್ಲಿ ದೀಪ ಹಚ್ಚಿಟ್ಟಿದ್ದೀಯಾ?” ಎಂದರು ಮಾವ.

ಇಬ್ಬರೂ ಬಗ್ಗಿ ನೋಡಿದರು. ಹುಳುಗಳ ಬಾಲದ ತುದಿಯಲ್ಲಿ ಎರಡೆರಡು ಹಸುರು ಚುಕ್ಕೆ, ನಿದ್ದೆಗಣ್ಣು ತೆರೆದಂತೆ ಮೆಲ್ಲಗೆ ಬೆಳಗುತ್ತಿದ್ದವು. ಜೊತೆಗೆ ಬಿದ್ದಿದ್ದ ಬಸವನಹುಳುವಿನ ಚಿಪ್ಪಿನೊಳಗೆ ಒಂದು ಹುಳ ತಲೆ ತೂರಿಸಿ ಊಟಕ್ಕೆ ಕೂತಿತ್ತು.

“ಇವು ಮಿಂಚುಹುಳದ ಮರಿಗಳಲ್ವೇನೇ! ಕಳ್ಳನ್ನ ಬಿಟ್ಟು ಪೊಲೀಸನ್ನ ಹಿಡಿದ್ಯಲ್ಲೇ, ಎಲೆಕಣ್ಣಿ!”

ಮಾವನಿಗೆ ನಗು. ಅತ್ತೆ ಡಬ್ಬಿಯನ್ನು ಕೈಗೆತ್ತಿಕೊಂಡಳು. ಉಳಿದಿದ್ದವನ್ನು ಆಗಲೇ ಒಯ್ದು ಬೇಲಿಯ ಬುಡದ ಒದ್ದೆ ಎಲೆಗಳ ಕೆಳಗೆ ಬಿಟ್ಟು ಬಂದಳು.

“ಅಮ್ಮಾ, ಆ ಮೂಲೆ ಗುಡಿಸೋದು ಬೇಡ, ಔಷಧಿನೂ ಹಾಕೋದು ಬೇಡ,” ಎಂದು ಮರುದಿನ ಯಜಮಾನಿಯನ್ನು ಕೇಳಿಕೊಂಡಳು.

“ನನಗೆ ಹೂ ಬೇಕು ಕಣೇ, ಹುಳ ಅಲ್ಲ. ಆಯ್ತು, ಮೂಲೆ ಬಿಡು. ಆದ್ರೆ ನನ್ನ ಮಾತು ಮಾತೇ.”

ಅತ್ತೆ ಬಸವನಹುಳುಗಳನ್ನು ಕೈಯಲ್ಲೇ ಹೆಕ್ಕಿದಳು. ಮರಿಗಳು ಮಣ್ಣಿಗಿಳಿದು, ಪುಟ್ಟ ಗೂಡು ಮಾಡಿಕೊಂಡು ಕೋಶವಾದವು. ಮಣ್ಣಿನೊಳಗೆ ಮೈ ಬದಲಾಗುವ ಆ ಮೌನವನ್ನು ನೆನೆಯುತ್ತಾ ಅವಳು ಸಂಜೆ ಸಂಜೆ ಮಡಿಯ ಅಂಚಿನಲ್ಲಿ ಕಣ್ಣು ಬಿಟ್ಟೇ ನಿದ್ದೆ ಮಾಡಿದವಳಂತೆ ಕೂತಿರುತ್ತಿದ್ದಳು.

ಮೊದಲು ಒಂದೇ ಒಂದು ಗಂಡು ಎದ್ದು ಬಂತು. ಗಾಳಿಯಲ್ಲಿ ಮಿನುಗಿ, ಆರಿ, ಮತ್ತೆ ಮಿನುಗಿ ಹೆಣ್ಣನ್ನು ಹುಡುಕಿತು. ಕೆಳಗೆ ಹುಲ್ಲಿನಿಂದ ಉತ್ತರವಿಲ್ಲ. ಎಲ್ಲವನ್ನೂ ನಾನೇ ಸೋಪಿಗೆ ಸುರಿದೆನೇ ಎಂದು ಅತ್ತೆ ಸೆರಗು ಹಿಡಿದು ಕೂತಳು. ಹಾಗೇ ಕೆಲವು ಸಂಜೆಗಳು ಕಳೆದವು. ಕೊನೆಗೊಮ್ಮೆ ಹುಲ್ಲಿನ ಬುಡದಲ್ಲಿ ಒಂದು ಹೆಣ್ಣು, ಯೋಚಿಸಿ ಯೋಚಿಸಿ ಮಾತಾಡುವವಳ ಹಾಗೆ, ತಡವಾಗಿ ಒಮ್ಮೆ ಬೆಳಗಿತು. ಗಂಡು ಕೆಳಗಿಳಿಯಿತು.

ರೆಕ್ಕೆ ಬಂದ ಮೇಲೆ ಅವುಗಳ ಆಯುಸ್ಸು ಕೆಲವೇ ವಾರ. ಆದರೆ ಒದ್ದೆ ಮಣ್ಣಿನಲ್ಲಿ ಮೊಟ್ಟೆಗಳು ಉಳಿಯುತ್ತವೆ.

ಮಡಿಯಲ್ಲಿ ಅರ್ಧ ಮಾತ್ರ ಹೂ ಬಿಟ್ಟಿತು. ಯಜಮಾನಿ ಮಾತಿಗೆ ತಪ್ಪಲಿಲ್ಲ. ಅತ್ತೆ ಈಗ ಕುಂಡ ತೊಳೆಯುತ್ತಾಳೆ. ಕೆಲಸ ಮುಗಿದ ಮೇಲೆ ಕೈ ಒರೆಸಿಕೊಂಡು ಬೇಲಿಯ ಹತ್ತಿರ ಬಂದು ಕೂರುತ್ತಾಳೆ. ಅದೇ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದ ನನಗೆ ಮಡಿಯನ್ನು ಕೊಟ್ಟಿದ್ದಾರೆ. ನಾಳೆ ಬೆಳಿಗ್ಗೆ ನಾನು ಆ ಮೂಲೆಯ ತರಗೆಲೆಗೆ ನೀರು ಚಿಮುಕಿಸಿ, ಆಮೇಲೆ ಸಸಿ ನೆಡಲು ಶುರುಮಾಡುತ್ತೇನೆ.