ಏಳನೆಯ ಫ್ಲಾಪಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಸೊರಬದ ನಮ್ಮ ಶಾಖೆಯ ಆರು ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕುವ ಫ್ಲಾಪಿಗಳನ್ನು ಸಿದ್ಧಪಡಿಸಿ ಒಯ್ಯುವುದೂ ನನ್ನ ಕೆಲಸವೇ. ಒಮ್ಮೆ ಅಲ್ಲಿ ಒಂದು ಫ್ಲಾಪಿ ಕೈಕೊಟ್ಟು, ವಿದ್ಯಾರ್ಥಿಗಳ ಎದುರು ಬೆವತು, ಕೆಲಸವಾಗದೆ ವಾಪಸಾಗಿದ್ದೆ. ಆಮೇಲೆ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದೆ. ಅದು ಪ್ರತಿ ಫ್ಲಾಪಿಯನ್ನೂ ತಾನೇ ಬರೆದು, ಮತ್ತೆ ಓದಿ, ಮೂಲದೊಂದಿಗೆ ಹೋಲಿಸುತ್ತಿತ್ತು. ತಪ್ಪು ಕಂಡರೆ ಅಲ್ಲೇ ನಿಲ್ಲುತ್ತಿತ್ತು.

ಸೊರಬದ ಪರೀಕ್ಷೆಗೆ ಒಂದೇ ದಿನವಿದ್ದಾಗ, ಶಿಕಾರಿಪುರದಲ್ಲಿ ಫ್ಲಾಪಿ ಬರೆಯುತ್ತಿದ್ದ ಆ ಸ್ಕ್ರಿಪ್ಟ್ ಏಳನೆಯದಕ್ಕೆ ನಿಂತಿತು. ಬೇರೆ ಫ್ಲಾಪಿ ಹಾಕಿದೆ. ಮತ್ತೆ ನಿಂತಿತು.

"ಬಸ್ ಹೊಂಟೈತ್ರೀ ಮೇಡಂ! ಆ ಚೆಕ್ ತಗದು ಹಂಗೇ ಬರ್ಕೊಂಡ್ ಹೋಗ್ರಿ," ಎಂದರು ಕೇಂದ್ರದ ಮಾಲೀಕರು.

ಸ್ಕ್ರಿಪ್ಟಿನಲ್ಲಿ ಹೋಲಿಸುವ ಒಂದು ಸಾಲು ಅಳಿಸಿದರೆ ಸಾಕಿತ್ತು. ನನ್ನ ಬೆರಳು ಆಗಲೇ ಅಳಿಸುವ ಕೀಲಿಯ ಮೇಲಿತ್ತು.

"ಆಗಲ್ಲ ಸಾರ್. ಇನ್ನೊಂದ್ಸಲ ಅಲ್ಲಿ ಹೋಗಿ ಪೆಚ್ಚಾಗಿ ನಿಂತ್ಕೊಳಲ್ಲ," ಎಂದೆ.

ಬಸ್ಸು ಹೋಯಿತು. ಅವರು ಎದ್ದು ಹೊರಗೆ ನಡೆದರು. ನಾನು ಫ್ಲಾಪಿ ಡ್ರೈವಿನೊಳಗೆ ಓದುವ-ಬರೆಯುವ ಹೆಡ್ಡಿನ ಮೇಲಿನ ಧೂಳು ಒರೆಸಿ ಸ್ಕ್ರಿಪ್ಟನ್ನು ಮೊದಲಿಂದ ಓಡಿಸಿದೆ. ಈ ಸಲ ಅದು ಏಳನೆಯದನ್ನೂ ದಾಟಿತು.

ಮುಂದಿನ ಬಸ್ಸಿಗೆ ಹೋದೆ. ಸಂಜೆ ಸೊರಬದ ಆರನೆಯ ಕಂಪ್ಯೂಟರಿನಲ್ಲೂ ಲಿನಕ್ಸ್‌ನ ಲಾಗಿನ್ ಪರದೆಯ ಮೇಲೆ ಬಂದ ನಂತರವೇ ನಾನು ಕುರ್ಚಿಯಲ್ಲಿ ಕೂತದ್ದು.